ಮಾತು ಬಲ್ಲವನಿಗೇ ಜಗಳ

‘ಡಾಕ್ಟರ್ ಹೂ’ ಎಂದರೆ ಮನೆಮಂದಿಯೆಲ್ಲ ಕೂತು ನೋಡಲಿ ಅಂತ ಬಿಬಿಸಿ ಶನಿವಾರ ಸಂಜೆ ಹಾಕುತ್ತಾ ಬಂದ ಸರಣಿ. ಒಂದಿಷ್ಟು ಓಟ, ಒಂದಿಷ್ಟು ತಮಾಷೆ, ಕಡೆಗೆ ಕಾಲ, ಗ್ರಹ ಸುತ್ತುವ ನಾಯಕ ಡಾಕ್ಟರ್ ಪಟಪಟ ಮಾತಾಡಿ ಎಲ್ಲರನ್ನೂ ಪಾರು ಮಾಡುವುದು. ಸಾಮಾನ್ಯವಾಗಿ ಹೀಗೇ ಮುಗಿಯುತ್ತದೆ. 2008ರ ಜೂನ್ 14ರಂದು ಬಂದ ‘ಮಿಡ್‌ನೈಟ್’, ನಾಲ್ಕನೇ ಸೀಸನ್ನಿನ ಹತ್ತನೇ ಕಂತು, ಆ ಮಾತನ್ನೇ ಡಾಕ್ಟರ್‌ನ ಕುತ್ತಿಗೆಗೆ ಸುತ್ತುತ್ತದೆ. ನೋಡಿ ಮುಗಿಸಿದ ಮೇಲೆ ತಕ್ಷಣ ಮುಂದಿನ ಕಂತು ಹಾಕುವ ಉತ್ಸಾಹ ಉಳಿಯುವುದಿಲ್ಲ. ಎಷ್ಟನೇ ಸಲ ನೋಡಿದರೂ ಅಷ್ಟೇ.

ಮಿಡ್‌ನೈಟ್ ಒಂದು ವಜ್ರದ ಗ್ರಹ. ಅಲ್ಲಿನ ಸೂರ್ಯನ ‘ಎಕ್ಸ್‌ಟಾನಿಕ್’ ಬೆಳಕು ಬಿದ್ದರೆ ಯಾವ ಜೀವವೂ ಕ್ಷಣದಲ್ಲಿ ಬೂದಿ. ನೀಲಮಣಿ ಜಲಪಾತ ನೋಡಲು ಕ್ರುಸೇಡರ್ 50 ಎಂಬ ಪ್ರವಾಸಿ ವಾಹನದಲ್ಲಿ ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ. ಜೊತೆಗಾತಿ ಡೋನ್ನಾ ದಪ್ಪ ಗಾಜಿನ ರಕ್ಷಣೆಯಲ್ಲಿ ಬಿಸಿಲು ಕಾಯಿಸಿಕೊಂಡು ರೆಸಾರ್ಟಿನಲ್ಲೇ ಉಳಿಯುತ್ತಾಳೆ, ಡಾಕ್ಟರ್ ಒಬ್ಬನೇ ಹತ್ತುತ್ತಾನೆ. ಎಂದಿನ ದಾರಿಯಲ್ಲಿ ವಜ್ರಗಳು ಕುಸಿದಿರುವುದರಿಂದ ಆ ದಿನ ಬದಲಿ ದಾರಿ. ಹತ್ತಿದ ಸ್ವಲ್ಪ ಹೊತ್ತಿಗೇ ಅವನು ಸೋನಿಕ್ ಸ್ಕ್ರೂಡ್ರೈವರ್ ಎಂಬ ತನ್ನ ಕೈಸಾಧನ ಬಳಸಿ ವಾಹನದ ಟಿವಿ, ಹಾಡು ಎಲ್ಲವನ್ನೂ ಗುಟ್ಟಾಗಿ ಕೆಡಿಸುತ್ತಾನೆ, ಜನ ಒಬ್ಬರಿಗೊಬ್ಬರು ಮಾತಾಡಲಿ ಅಂತ. ಮೊದಲ ಸಲ ನೋಡುವಾಗ ಇದು ಬರೀ ತಮಾಷೆ. ಎರಡನೇ ಸಲ ನೋಡುವಾಗ ಹೊಟ್ಟೆ ಚುರುಕ್ಕೆನ್ನುತ್ತದೆ, ಯಾಕೆಂದರೆ ಆ ಮಾತೇ ಮುಂದೆ ಮೇವು.

ವಾಹನ ನಡುದಾರಿಯಲ್ಲಿ ನಿಲ್ಲುತ್ತದೆ. ಎಂಜಿನ್ನಿನಲ್ಲಿ ಏನೂ ದೋಷವಿಲ್ಲ. ಚಾಲಕನ ಕೋಣೆಯ ಕವಚ ಒಂದೆರಡು ಕ್ಷಣ ಎತ್ತಿದಾಗ ಮೆಕ್ಯಾನಿಕ್ಕಿಗೆ ದೂರದ ದಿಬ್ಬದಲ್ಲಿ ಏನೋ ಓಡಿದಂತೆ ಕಾಣುತ್ತದೆ. ನಮಗೆ ಕಾಣುವುದಿಲ್ಲ. ಆಮೇಲೆ ಹೊರಗಿನಿಂದ ಗೋಡೆ ತಟ್ಟುವ ಸದ್ದು. ಒಳಗಿನಿಂದ ಮೂರು ಸಲ ತಟ್ಟಿದರೆ ಹೊರಗಿನಿಂದಲೂ ಮೂರು. 90ರ ದಶಕದಲ್ಲಿ ನಮ್ಮ ಊರುಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಸೀಮೆಸುಣ್ಣದಲ್ಲಿ ಬರೆದಿದ್ದನ್ನು ಕಂಡವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಬಾಗಿಲು ಬಡಿದು ಮನೆಯವರದೇ ದನಿಯಲ್ಲಿ ಕರೆಯುತ್ತದೆ ಎಂಬ ಆ ದೆವ್ವಕ್ಕೂ ಇದಕ್ಕೂ ಬಂಧುತ್ವ ಇದ್ದ ಹಾಗಿದೆ. ಮರುಕ್ಷಣ ವಾಹನ ಅಲ್ಲಾಡಿ ದೀಪ ಆರುತ್ತದೆ. ಚಾಲಕನ ಕೋಣೆಯೇ ಕಿತ್ತು ಹೋಗಿದೆ. ಎಲ್ಲರಿಗಿಂತ ಹೆಚ್ಚು ಹೆದರಿದ್ದ ಸ್ಕೈ ಸಿಲ್ವೆಸ್ಟ್ರಿ ಎಂಬ ಪ್ರಯಾಣಿಕೆ ಬೆನ್ನು ತಿರುಗಿಸಿ ಕುಳಿತಿದ್ದಾಳೆ.

ಇಲ್ಲಿಂದ ಕಂತು ನಡೆಯುವುದು ಪೂರ್ತಿ ಕಿವಿಯ ಮೇಲೆ. ಮೊದಲು ಸ್ಕೈ ಯಾರು ಏನು ಹೇಳಿದರೂ ಅರೆಕ್ಷಣ ತಡವಾಗಿ ಅದನ್ನೇ ಹೇಳುತ್ತಾಳೆ. ಪರೀಕ್ಷೆಗೆಂದು ಡಾಕ್ಟರ್ ಪೈ ಸಂಖ್ಯೆಯ ವರ್ಗಮೂಲವನ್ನು, 1.772453850905516 ಎಂದು ಶುರುಮಾಡಿ ದಶಮಾಂಶದ ಮೂವತ್ತು ಸ್ಥಾನದವರೆಗೆ, ಒಂದೇ ಉಸಿರಲ್ಲಿ ಒದರುತ್ತಾನೆ. ಅವಳು ಒಂದಂಕಿಯನ್ನೂ ಬಿಡದೆ ಹಿಂಬಾಲಿಸುತ್ತಾಳೆ. ನಂತರ ತಡ ಇಲ್ಲವಾಗುತ್ತದೆ: ಅವರ ಬಾಯಿ ತೆರೆದ ಗಳಿಗೆಯಲ್ಲೇ ಇವಳ ಬಾಯಿಂದಲೂ ಅದೇ ಮಾತು. ಆಮೇಲೆ ಉಳಿದವರನ್ನು ಬಿಟ್ಟು ಡಾಕ್ಟರ್ ಒಬ್ಬನನ್ನೇ ಹಿಡಿಯುತ್ತಾಳೆ. ಕೊನೆಗೆ ಅವಳು ಮೊದಲು, ಅವನು ಹಿಂದೆ. ಈ ಕೊನೆಯ ಹೊರಳು ಎಷ್ಟು ಸಣ್ಣದೆಂದರೆ, ಅವನು ರಾಜಿಗೆ ಕರೆಯುವ ಒಂದು ಪ್ರಶ್ನೆಯಲ್ಲಿ ಅದು ಆಗಿಹೋಗುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿತು. ನಂತರ ಡಾಕ್ಟರ್ ಪಾತ್ರದ ಡೇವಿಡ್ ಟೆನಂಟ್ ಮುಖದ ಸ್ನಾಯು ಬಿಗಿದು, ಕಣ್ಣಲ್ಲಿ ನೀರು ತುಂಬಿ, ಅವಳು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾ ಕೂರುವುದನ್ನು ನೋಡಬೇಕು. ಅಷ್ಟು ಮಾತಿನ ಮಲ್ಲ ತನ್ನದೇ ಒಂದು ಪದಕ್ಕೆ ಪರದಾಡುತ್ತಾನೆ.

ಇದನ್ನು ಇಯರ್‌ಫೋನ್ ಹಾಕಿಕೊಂಡೇ ನೋಡುವುದು ಒಳ್ಳೆಯದು. ಸಬ್‌ಟೈಟಲ್ ಬೇಡ, ಅಥವಾ ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಒಟ್ಟಿಗೆ ಬರುವ ಎರಡು ದನಿಗಳಲ್ಲಿ ಯಾವುದು ಕೂದಲೆಳೆಯಷ್ಟು ಮುಂದಿದೆ ಎಂಬುದೇ ಇಲ್ಲಿನ ಕಥೆ, ಪರದೆಯ ಕೆಳಗೆ ಮೂಡುವ ಒಂದು ಸಾಲಿಗೆ ಅದನ್ನು ತೋರಿಸಲು ಆಗದು. ಸ್ಕೈ ಪಾತ್ರದ ಲೆಸ್ಲಿ ಶಾರ್ಪ್ ತನ್ನ ಪಾಲಿನ ಸಾಲುಗಳ ಜೊತೆಗೆ ಬೇರೆಯವರ ಸಾಲುಗಳನ್ನೂ ಅವರವರ ವೇಗದಲ್ಲೇ ಹೇಳಬೇಕಾಗಿತ್ತು. ಒಂದೇ ಸೆಟ್, ಬೆರಳೆಣಿಕೆಯ ಪಾತ್ರಗಳು, ರಬ್ಬರ್ ಮುಖವಾಡದ ಪ್ರಾಣಿ ಒಂದೂ ಇಲ್ಲ.

ಇಷ್ಟಾದರೂ ನನ್ನನ್ನು ಹೆದರಿಸಿದ್ದು ಸ್ಕೈ ಅಲ್ಲ, ಉಳಿದ ಪ್ರಯಾಣಿಕರು. ರಸೆಲ್ ಟಿ ಡೇವಿಸ್ ಬರೆದ ಚಿತ್ರಕಥೆಯಲ್ಲಿ ಒಬ್ಬನೂ ಖಳನಲ್ಲ. ಗಂಡ, ಹೆಂಡತಿ, ಮುಖ ಊದಿಸಿಕೊಂಡ ಮಗ. ಒಬ್ಬ ಪ್ರೊಫೆಸರ್, ಅವನ ಶಿಷ್ಯೆ ಡೀ ಡೀ. ಲೆಕ್ಕ ಸರಿ ಹೇಳುವವಳು ಡೀ ಡೀ, ಅವಳ ಬಾಯಿ ಮುಚ್ಚಿಸುವವನು ಪ್ರೊಫೆಸರ್. ಈ ಬೆಳಕಲ್ಲಿ ಜೀವ ಇರಲು ಸಾಧ್ಯವೇ ಇಲ್ಲ ಎಂಬ ತನ್ನ ಸಿದ್ಧಾಂತವನ್ನು, ಗೋಡೆ ತಟ್ಟುತ್ತಿರುವಾಗಲೂ ಅವನು ಬಿಡುವುದಿಲ್ಲ. ಸ್ಕೈಯನ್ನು ಹೊರಗೆ ಎಸೆಯೋಣ ಎಂಬ ಮಾತು ಬಂದಾಗ ಡಾಕ್ಟರ್ ಅಡ್ಡ ನಿಲ್ಲುತ್ತಾನೆ. ನಿನ್ನ ಮಾತನ್ನು ನಾವು ಯಾಕೆ ಕೇಳಬೇಕು ಅಂದದ್ದಕ್ಕೆ, ನಾನು ಬುದ್ಧಿವಂತ ಅನ್ನುತ್ತಾನೆ! ಬೇರೆ ಯಾವ ಕಂತಿನಲ್ಲಾದರೂ ಅದು ಚಪ್ಪಾಳೆ ಗಿಟ್ಟಿಸುವ ಸಾಲು. ಇಲ್ಲಿ ಅಲ್ಲಿಗೆ ಅವನ ಕಥೆ ಮುಗಿಯಿತು. ಹೆಸರು ಕೇಳಿದರೆ ಎಂದಿನ ಹಾಗೆ ಜಾನ್ ಸ್ಮಿತ್ ಎಂಬ ಸುಳ್ಳು, ಯಾರೂ ನಂಬುವುದಿಲ್ಲ. ಬಂದಾಗಿನಿಂದ ಎಲ್ಲರ ವಿಷಯ ಕೆದಕಿದವನು, ಅಪಾಯದಲ್ಲೂ ಖುಷಿಪಡುವವನು, ಒಂಟಿಯಾಗಿ ಹತ್ತಿದವನು. ಅಭಿಮಾನಿಗಳು ಅವನಲ್ಲಿ ಮೆಚ್ಚುವ ಒಂದೊಂದು ಗುಣವೂ ಆ ಕ್ಯಾಬಿನ್ನಿನಲ್ಲಿ ಒಂದೊಂದು ಆರೋಪ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಅನ್ನುತ್ತದೆ ಗಾದೆ, ಇಲ್ಲಿ ಅದು ಬುಡಮೇಲು.

ಎಸೆಯೋಣ ಎಂದು ಮೊದಲು ಬಾಯಿಬಿಟ್ಟವಳು ಯಾರು ಗೊತ್ತೆ? ಶುರುವಿನಲ್ಲಿ ನಗುನಗುತ್ತಾ ಕಡಲೆಬೀಜ ಹಂಚಿದ ಪರಿಚಾರಕಿ. ಮೊದಲ ನೋಟಕ್ಕೆ ಇದು ನೆನಪಿನಲ್ಲಿ ಉಳಿಯುವುದಿಲ್ಲ, ಯಾಕೆಂದರೆ ಉಳಿಸುವವಳೂ ಅವಳೇ. ಡಾಕ್ಟರ್‌ನನ್ನು ಆ ಜೀವಿ ಈಗ ಅವನೊಳಗಿದೆ ಅಂದುಕೊಂಡು ಎಲ್ಲರೂ ಬಾಗಿಲ ಕಡೆ ಎಳೆಯುವಾಗ ಹುರಿದುಂಬಿಸುತ್ತಿದ್ದ ಸ್ಕೈ ಬಾಯಲ್ಲಿ ‘ಅಲೋನ್ಸಿ’, ‘ಮೋಲ್ಟೋ ಬೆನೆ’ ಬರುತ್ತದೆ. ಇವು ಅವನ ಮಾತುಗಳು, ಅವನು ಹತ್ತುವಾಗ ಪರಿಚಾರಕಿ ಕೇಳಿದ್ದವು. ದನಿ ಕದ್ದದ್ದು ಯಾರು ಅಂತ ಅವಳಿಗೆ ಹೊಳೆಯುತ್ತದೆ. ಬಾಗಿಲು ತೆಗೆದ ಮೇಲೆ ಒತ್ತಡದ ಗೋಡೆ ತಡೆಯುವುದು ಆರು ಸೆಕೆಂಡು. ಸ್ಕೈಯನ್ನು ಅಪ್ಪಿ ಹಿಡಿದು ಒಂದರಿಂದ ಆರರವರೆಗೆ ಎಣಿಸುತ್ತಾಳೆ, ಇಬ್ಬರೂ ಹೊರಗೆ. ಆ ಪಾತ್ರ ಮಾಡಿದ ರಾಕಿ ಅಯೋಲಾ ಎಣಿಸುವ ರೀತಿಯಲ್ಲಿ ವೀರಾವೇಶ ಇಲ್ಲ, ಕೆಲಸ ಮುಗಿಸುವ ಗಡಿಬಿಡಿ ಇದೆ.

ಅಲ್ಲಿಂದ ದೀರ್ಘ ಮೌನ. ಡಾಕ್ಟರ್ ನೆಲದಲ್ಲಿ ಬಿದ್ದು ಏದುಸಿರು ಬಿಡುತ್ತಿದ್ದಾನೆ. ಆ ಮೌನ ಮುರಿಯುವವಳು ತಾಯಿ ವ್ಯಾಲ್, ಅದು ಅವಳೇ ಅಂತ ನಾನು ಹೇಳಿದ್ದೆ ಅಂದುಬಿಡುತ್ತಾಳೆ. ಅವನು ತಲೆಯೆತ್ತಿ ನೋಡುವ ನೋಟಕ್ಕೆ ಸಂಭಾಷಣೆ ಇಲ್ಲ, ಬೇಕೂ ಇಲ್ಲ. ಬಳಿಕ ಪರಿಚಾರಕಿಯ ಹೆಸರೇನು ಅಂತ ಕೇಳುತ್ತಾನೆ, ಯಾರಿಗೂ ಗೊತ್ತಿಲ್ಲ.

ಕೊರತೆ ಇಲ್ಲವೆಂದಲ್ಲ. ನಡುವೆ ಪರದೆಯೊಂದರಲ್ಲಿ ಡಾಕ್ಟರನ ಹಳೆಯ ಜೊತೆಗಾತಿ ರೋಸ್ ಕಾಣಿಸಿ ಮಾಯವಾಗುವುದು ಸೀಸನ್ನಿನ ಕೊನೆಗೆ ಹಾಸಿದ ಎಳೆ, ಇಲ್ಲಿ ಗಮನ ಕೆಡಿಸುತ್ತದೆ. ವ್ಯಾಲ್ ಪಾತ್ರದ ಕಿರುಚಾಟವೂ ಒಂದೆರಡು ಕಡೆ ಅತಿಯಾಯಿತು. ಡೋನ್ನಾ ಎರಡು ತುದಿಯಲ್ಲಷ್ಟೇ ಇರುವುದಕ್ಕೆ ಕಾರಣ ಬೇರೆ: ಮುಂದಿನ ವಾರದ ‘ಟರ್ನ್ ಲೆಫ್ಟ್’ ಅವಳ ಕಂತು, ಅದರಲ್ಲಿ ಡಾಕ್ಟರ್ ಹೆಚ್ಚು ಹೊತ್ತು ಇಲ್ಲ. ಎರಡನ್ನೂ ಒಟ್ಟೊಟ್ಟಿಗೆ ಚಿತ್ರೀಕರಿಸಲು ಮಾಡಿಕೊಂಡ ಹೊಂದಾಣಿಕೆ ಅದು. ಅನುಕೂಲಕ್ಕೆ ಮಾಡಿದ್ದು ಕಥೆಗೇ ಲಾಭವಾಯಿತು. ಡೋನ್ನಾ ಆ ವಾಹನದಲ್ಲಿ ಇದ್ದಿದ್ದರೆ ಹತ್ತೇ ನಿಮಿಷದಲ್ಲಿ ವ್ಯಾಲ್‌ಳನ್ನು ಗದರಿಸಿ ಕೂರಿಸುತ್ತಿದ್ದಳು.

2025ರ ಏಪ್ರಿಲ್ 26ರಂದು ಬಂದ ‘ದಿ ವೆಲ್’ ಇದೇ ಗ್ರಹಕ್ಕೆ, ನಾಲ್ಕು ಲಕ್ಷ ವರ್ಷಗಳ ನಂತರಕ್ಕೆ, ಮರಳುತ್ತದೆ. ಅಲ್ಲಿ ಆ ಜೀವಿ ಒಬ್ಬಳ ಬೆನ್ನ ಹಿಂದೆ ನಿಲ್ಲುತ್ತದೆ, ನೇರ ಹಿಂದೆ ಹೋದವರು ಸಾಯುತ್ತಾರೆ. ಕಿವಿ ಕೇಳಿಸದ ಪಾತ್ರವನ್ನು ನಡುವೆ ಇಟ್ಟದ್ದು ಜಾಣ ಆಯ್ಕೆ, ರೋಸ್ ಐಲಿಂಗ್-ಎಲ್ಲಿಸ್ ಚೆನ್ನಾಗಿ ಮಾಡಿದ್ದಾರೆ. ಆದರೆ ಅಲ್ಲಿ ನಿಯಮ ಗೊತ್ತಾದ ಮೇಲೆ ತಪ್ಪಿಸಿಕೊಳ್ಳುವ ಲೆಕ್ಕ ಹಾಕಬಹುದು, ಬಂದೂಕು ಹಿಡಿದ ಸೈನಿಕರೂ ಇದ್ದಾರೆ. ನೋಡುವುದಾದರೆ ಎರಡರ ನಡುವೆ ಕೆಲವು ದಿನ ಬಿಡಿ. ಬೆನ್ನಿಗೇ ಹಾಕಿದರೆ 2008ರ ಕಂತಿನ ಮುಂದೆ ಅದು ಸಪ್ಪೆ ಅನ್ನಿಸಿ, ಪಾಪ, ಅದಕ್ಕೆ ಅನ್ಯಾಯವಾಗುತ್ತದೆ.