ಕ್ರೂಸ್ ಅರ್ಧದಲ್ಲೇ ಇಳ್ಕೊಂಡು, ಹಾಸನಾಂಬೆ ಬಾಗಿಲು ಮುಚ್ಚೋದ್ರೊಳಗೆ ಊರು ಸೇರಿದ್ದು

ಹಡಗಲ್ಲಿ ಏನೇನ್ ತಿಂದ್ವಿ, ಯಾವ ಡೆಕ್ಕಲ್ಲಿ ನಿಂತ್ರೆ ಸೂರ್ಯಾಸ್ತ ಚೆನ್ನಾಗಿ ಕಾಣುತ್ತೆ ಅನ್ನೋದೆಲ್ಲ ಇದರಲ್ಲಿಲ್ಲ, ಅದನ್ನ ಬರೆಯೋರು ಬೇಕಾದಷ್ಟು ಜನ ಇದಾರೆ. ಕ್ರೂಸ್ ಬುಕ್ ಮಾಡ್ಕೊಂಡು, ಕೊನೇ ಸ್ಟಾಪ್ ತನಕ ಹೋಗಕ್ಕಾಗಲ್ಲ ಮಧ್ಯದಲ್ಲೇ ಯಾವ್ದಾದ್ರೂ ಬಂದರಲ್ಲಿ ಇಳಿಬೇಕು ಅಂತ ಇರೋರಿಗೆ ಮಾತ್ರ ಇದು, ಯಾಕಂದ್ರೆ ನಾನು ಹುಡುಕ್ದಾಗ ಕನ್ನಡದಲ್ಲಿ ಒಂದಕ್ಷರ ಸಿಗಲಿಲ್ಲ.

ಭಾವ ರಿಟೈರ್ ಆದ ಖುಷಿಗೆ ಅಕ್ಕ ಭಾವ, ನಾನು ನನ್ ಹೆಂಡ್ತಿ, ಅಮ್ಮ, ಐದು ಜನ ಹೊರಟಿದ್ದು. ಏಳು ರಾತ್ರಿ, ಸ್ಪೇನಿನ ಬಾರ್ಸಿಲೋನಾದಲ್ಲಿ ಹತ್ತೋದು, ಫ್ರಾನ್ಸಿನ ಮಾರ್ಸೇ, ಇಟಲಿಯ ಜಿನೋವಾ, ನೇಪಲ್ಸ್, ಐದನೇ ದಿನ ಬೆಳಗ್ಗೆ ಚಿವಿಟಾವೆಕ್ಕಿಯಾ ಅಂದ್ರೆ ರೋಮ್ ಊರಿನ ಬಂದರು, ಆಮೇಲೆ ಒಂದಿನ ಪೂರ್ತಿ ಸಮುದ್ರ, ಸ್ಪೇನಿಂದೇ ಪಾಲ್ಮಾ, ಎಂಟನೇ ದಿನ ವಾಪಸ್ ಬಾರ್ಸಿಲೋನಾ. ಆಫರ್ ಇದೆ ಅಂತ ಭಾವ ಫೆಬ್ರವರಿಲೇ ದುಡ್ಡು ಕಟ್ಬಿಟ್ರು, ಪಂಚಾಂಗ ಯಾರೂ ನೋಡಿಲ್ಲ. ಯುಗಾದಿಗೆ ಹೊಸ ಪಂಚಾಂಗ ಬಂತು, ಅಮ್ಮ ಕನ್ನಡಕ ಹಾಕ್ಕೊಂಡು ಒಂದೊಂದೇ ಹಾಳೆ ತಿರುವಿ ಆಶ್ವಯುಜಕ್ಕೆ ಬಂದ್ರು, ಬಂದು ನನ್ನ ಮುಖ ನೋಡಿದ್ರು. "ನಾನ್ ಮದ್ವೆ ಆಗಿ ಈ ಊರಿಗೆ ಬಂದಾಗ್ಲಿಂದ ಒಂದ್ ವರ್ಷ ಅಮ್ಮನ್ ದರ್ಶನ ತಪ್ಸಿಲ್ಲ ಕಣಪ್ಪ, ನಿಮ್ ಹಡಗಿಗೋಸ್ಕರ ತಪ್ಸ್ಲಾ?"

ಹಾಸನದ ಕಡೆಯವರಿಗೆ ಇದು ಹೇಳ್ಬೇಕಾಗಿಲ್ಲ. ಬೇರೆಯವರಿಗೆ, ನಮ್ಮೂರ ಹಾಸನಾಂಬೆ ಗುಡಿ ವರ್ಷಕ್ಕೆ ಒಂದೇ ಸಲ ತೆಗೆಯೋದು, ಆಶ್ವಯುಜ ಹುಣ್ಣಿಮೆ ಆದ್ಮೇಲೆ ಬರೋ ಮೊದಲನೇ ಗುರುವಾರ ಬಾಗಿಲು ತೆಗೆದ್ರೆ ಬಲಿಪಾಡ್ಯಮಿ ಮಾರನೇ ದಿನ ಮುಚ್ತಾರೆ, ಅಷ್ಟೇ, ಮತ್ತೆ ಮುಂದಿನ ವರ್ಷ. ನಮ್ ಲೆಕ್ಕ ಹೆಂಗಿತ್ತು ಅಂದ್ರೆ ಹೋಗೋಕ್ ಮುಂಚೆ ನೋಡೋಣ ಅಂದ್ರೆ ಬಾಗಿಲೇ ತೆಗ್ದಿರಲ್ಲ, ಟೂರ್ ಪೂರ್ತಿ ಮಾಡ್ಕೊಂಡ್ ಬಂದ್ರೆ ಬಾಗಿಲು ಹಾಕಿದ ದಿನ ಸಂಜೆ ಬೆಂಗಳೂರಲ್ಲಿ ಇಳಿತೀವಿ. ಅಮ್ಮನ್ನ ಬಿಟ್ಟು ಹೋಗಕ್ಕಾಗಲ್ಲ, ಕ್ಯಾನ್ಸಲ್ ಮಾಡಿದ್ರೆ ಕಟ್ಟಿದ್ದು ಹೋಗುತ್ತೆ. ಹಂಗಾಗಿ ಅಕ್ಕ ಭಾವ ಪೂರ್ತಿ ಮಾಡ್ಲಿ, ನಾವು ಮೂರು ಜನ ರೋಮಲ್ಲಿ ಇಳ್ಕೊಂಡ್ ಬರೋದು ಅಂತಾಯ್ತು.

ಬುಕ್ ಮಾಡ್ಕೊಟ್ಟ ಏಜೆಂಟ್ ಏನಂದ ಗೊತ್ತಾ, "ಸಾರ್ ಅದೆಲ್ಲ ಹೇಳಕ್ ಹೋಗ್ಬೇಡಿ, ಊರು ನೋಡಕ್ ಇಳಿತಾರಲ್ಲ ಎಲ್ರೂ, ಅವರ ಜೊತೆ ಬ್ಯಾಗ್ ತಗೊಂಡ್ ಇಳಿದ್ಬಿಡಿ, ಯಾರೂ ಕೇಳಲ್ಲ" ಅಂತ. ದಯವಿಟ್ಟು ಈ ಕೆಲಸ ಮಾಡ್ಬೇಡಿ. ಹಡಗಿಂದ ಇಳಿವಾಗ ಹತ್ತುವಾಗ ಪ್ರತಿ ಸಲ ನಿಮ್ ಕ್ರೂಸ್ ಕಾರ್ಡ್, ಅಂದ್ರೆ ಹಡಗಿನವರು ಕೊಡೋ ಗುರುತಿನ ಕಾರ್ಡ್, ಸ್ಕ್ಯಾನ್ ಆಗುತ್ತೆ, ಸಂಜೆ ಎಲ್ರೂ ಹತ್ತೋ ಟೈಮ್ ಮುಗಿದ್ಮೇಲೆ ಯಾರು ಬಂದಿಲ್ಲ ಅಂತ ಅವರಿಗೆ ಸ್ಕ್ರೀನಲ್ಲೇ ಗೊತ್ತಾಗುತ್ತೆ, ಆಗ ಮೈಕಲ್ಲಿ ಹೆಸರು ಕೂಗ್ತಾರೆ, ಕ್ಯಾಬಿನ್ ತಟ್ತಾರೆ, ಬಂದರಿನ ಅಧಿಕಾರಿಗಳಿಗೆ ತಿಳಿಸಬೇಕಾಗುತ್ತೆ, ಯಾಕಂದ್ರೆ ಹಡಗಲ್ಲಿ ಯಾರ್ಯಾರಿದ್ದಾರೆ ಅನ್ನೋ ಪಟ್ಟಿ ಪ್ರತಿ ಬಂದರಲ್ಲೂ ಕೊಡೋದು ಅವರ ಜವಾಬ್ದಾರಿ. ಅದಕ್ಕಿಂತ ದೊಡ್ಡದು, ನಮ್ಮಂಥ ವೀಸಾ ಬೇಕಾದ ದೇಶದವರ ಪಾಸ್‌ಪೋರ್ಟನ್ನ ತುಂಬಾ ಹಡಗುಗಳಲ್ಲಿ ಚೆಕ್-ಇನ್ ದಿನವೇ ತಗೊಂಡು ಇಟ್ಕೊತಾರೆ. ನಮ್ಮದೂ ತಗೊಂಡ್ರು. ಸುಮ್ನೆ ಇಳಿದು ಹೋಗೋಣ ಅಂದ್ರೆ ಪಾಸ್‌ಪೋರ್ಟೇ ಹಡಗಲ್ಲಿ, ಏರ್‌ಪೋರ್ಟಿಗೆ ಹೋಗಿ ಏನ್ ತೋರ್ಸೋದು, ಆಧಾರ್ ಕಾರ್ಡಾ?

ಸರಿಯಾದ ದಾರಿ ಏನಂದ್ರೆ ಕ್ರೂಸ್ ಕಂಪನಿಗೇ ಮೊದಲೇ ಬರೆದು ಕೇಳೋದು. ಫೋನಲ್ಲಲ್ಲ, ಇಮೇಲಲ್ಲಿ. ಬುಕಿಂಗ್ ನಂಬರ್, ಪಾಸ್‌ಪೋರ್ಟಲ್ಲಿ ಇರೋ ಹಾಗೇ ಹೆಸರುಗಳು, ಯಾವ ದಿನ ಯಾವ ಬಂದರು, ಯಾಕೆ ಅಂತ ಒಂದ್ ಲೈನ್, ಆ ಬಂದರಿಂದ ಮುಂದೆ ಹೋಗೋ ಪ್ಲಾನ್ ಏನು, ಇಷ್ಟು ಬರೆದ್ರೆ ಸಾಕು. ಮೊದಲನೇ ಮೇಲಿಗೆ ಮಷೀನ್ ಉತ್ತರ ಬಂತು, ಎರಡನೇದಕ್ಕೆ ಏಜೆಂಟ್ ಮೂಲಕ ಕಳಿಸಿ ಅಂದ್ರು, ಏಜೆಂಟ್ ಕೈಲಿ ಕಳಿಸಿದ ಮೂರನೇದಕ್ಕೆ ಒಪ್ಪಿಗೆ ಬಂತು. ಅದನ್ನ ಪ್ರಿಂಟ್ ತೆಗೆದು ಇಟ್ಕೊಳ್ಳಿ, ಮುಂದೆ ಯಾಕೆ ಅಂತ ಹೇಳ್ತೀನಿ. ಮೆಡಿಟರೇನಿಯನ್ ಲೂಪಲ್ಲಿ ಇದು ಸುಲಭ, ಅಲ್ಲಿ ಎಷ್ಟೋ ಹಡಗುಗಳಿಗೆ ಜನ ಬಾರ್ಸಿಲೋನಾದಲ್ಲೂ ಹತ್ತುತಾರೆ, ಜಿನೋವಾದಲ್ಲೂ ಹತ್ತುತಾರೆ, ರೋಮಲ್ಲೂ ಹತ್ತುತಾರೆ, ನಮ್ ಕೆಎಸ್ಸಾರ್ಟಿಸಿ ಬಸ್ ಥರ ಒಂದೊಂದು ಸ್ಟಾಪಲ್ಲಿ ಇಳಿಯೋರು ಇಳಿತಾ ಹತ್ತೋರು ಹತ್ತುತಾ ಇರ್ತಾರೆ. ಹಂಗಾಗಿ ಇಳಿಯೋಕೆ ಅಂಥ ಬಂದರನ್ನೇ ಆರಿಸ್ಕೊಳ್ಳಿ. ಹಡಗು ದೂರದಲ್ಲಿ ಲಂಗರು ಹಾಕಿ ಸಣ್ಣ ಬೋಟಲ್ಲಿ ದಡಕ್ಕೆ ಬಿಡೋ ಜಾಗಗಳಿವೆ, ಸ್ಯಾಂಟೊರಿನಿ ಥರದ್ದು, ಅಲ್ಲಿ ಸೂಟ್‌ಕೇಸ್ ಸಮೇತ ಇಳಿಯೋ ಯೋಚನೆ ಬಿಟ್ಬಿಡಿ.

ಅಮೆರಿಕದ್ದು ಬೇರೆ ಕತೆ. ಮಗಳು ಅಳಿಯ ಅಲ್ಲಿದಾರೆ ಅಂತ ಅಲಾಸ್ಕಾ ಕ್ರೂಸಿಗೆ ಹೋಗೋರು ನಮ್ ಕಡೆ ಈಗ ಜಾಸ್ತಿ ಆಗಿದಾರೆ, ಅವರಿಗೆ ಹೇಳ್ತೀನಿ. 1886ರ ಒಂದು ಕಾನೂನು ಇದೆ ಅಲ್ಲಿ, ಬೇರೆ ದೇಶದ ಬಾವುಟ ಇರೋ ಹಡಗು ಅಮೆರಿಕದ ಒಂದು ಬಂದರಲ್ಲಿ ಹತ್ತಿಸ್ಕೊಂಡೋರನ್ನ ಅಮೆರಿಕದ್ದೇ ಇನ್ನೊಂದು ಬಂದರಲ್ಲಿ ಸುಮ್ನೆ ಇಳಿಸಿ ಹೋಗಂಗಿಲ್ಲ, ಮಧ್ಯೆ ದೂರದ ಯಾವ್ದಾದ್ರೂ ವಿದೇಶಿ ಬಂದರು ಮುಟ್ಟಿರಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಮ್ಮಿ ಎಲ್ಲಾನೂ ಬಹಾಮಾಸ್, ಪನಾಮಾ, ಮಾಲ್ಟಾ ಥರದ ಬೇರೆ ದೇಶಗಳ ಬಾವುಟದವೇ. ಕೆನಡಾ, ಮೆಕ್ಸಿಕೋ ಮುಟ್ಟಿದ್ರೂ ಅದು ದೂರದ ಬಂದರು ಅಂತ ಲೆಕ್ಕಕ್ಕೆ ಬರಲ್ಲ. ಅಂದ್ರೆ ಸಿಯಾಟಲಲ್ಲಿ ಹತ್ತಿ ಅಲಾಸ್ಕಾದ ಜೂನೋದಲ್ಲೋ ಕೆಚಿಕಾನಲ್ಲೋ ಇಳಿದುಬಿಟ್ರೆ ತಪ್ಪು, ತಲೆಗಿಷ್ಟು ಅಂತ ಹಡಗಿಗೆ ದಂಡ ಬೀಳುತ್ತೆ, ಒಂದ್ ಕಾಲದಲ್ಲಿ 200 ಡಾಲರ್ ಇದ್ದದ್ದು ಏರ್ಸಿ ಏರ್ಸಿ ಈಗ ಹಲವು ನೂರು ಡಾಲರ್ ಆಗಿದೆ, ಅದನ್ನ ಅವರು ನಿಮ್ ತಲೆಗೇ ಕಟ್ತಾರೆ, ಟಿಕೆಟ್ ಕರಾರಲ್ಲೇ ಹಂಗೆ ಬರೆದಿರ್ತಾರೆ. ಅದೇ ಟ್ರಿಪ್ಪಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ಇಳಿದ್ರೆ ಈ ಕಾನೂನಿನ ತಕರಾರಿಲ್ಲ, ಆದ್ರೆ ಕೆನಡಾ ವೀಸಾ ಇರ್ಬೇಕು, ಕಂಪನಿ ಒಪ್ಪಬೇಕು.

ಈಗ ವೀಸಾ. ಇದು ನಾವು ಸ್ವಲ್ಪದರಲ್ಲಿ ಎಡವಿಬಿಡ್ತಿದ್ದ ಜಾಗ. ಶೆಂಗೆನ್ ವೀಸಾಗೆ, ಅಂದ್ರೆ ಯುರೋಪಿನ ಬಹಳಷ್ಟು ದೇಶಗಳಿಗೆ ಸೇರಿ ಕೊಡೋ ಒಂದೇ ವೀಸಾಗೆ, ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಆ ದೇಶಕ್ಕೆ ಅರ್ಜಿ ಹಾಕ್ಬೇಕು, ಸಮ ಸಮ ಆದ್ರೆ ಮೊದಲು ಕಾಲಿಡೋ ದೇಶ. ಪೂರ್ತಿ ಟೂರ್ ಮಾಡೋ ಅಕ್ಕ ಭಾವನಿಗೆ ಹಡಗು ಹತ್ತೋಕ್ ಮುಂಚಿನ ದಿನಗಳೂ ಸೇರಿ ಸ್ಪೇನ್ ಐದು ದಿನ, ಇಟಲಿ ಮೂರು ದಿನ, ಸ್ಪೇನಿಗೆ ಹಾಕಿದ್ರು. ನಾವೂ ಜೊತೇಲೇ ಸ್ಪೇನಿಗೇ ಹಾಕೋಣ ಅಂತ ಫಾರಂ ತುಂಬ್ತಾ ಕೂತಿದ್ವಿ, ನನ್ ಹೆಂಡ್ತಿ ಬೆರಳು ಮಡಚಿ ಎಣಿಸಿ "ರೀ ನಮಗೆ ಪಾಲ್ಮಾನೂ ಇಲ್ಲ ವಾಪಸ್ ಬಾರ್ಸಿಲೋನಾನೂ ಇಲ್ಲ, ಸ್ಪೇನ್ ಮೂರೇ ದಿನ, ರೋಮಲ್ಲಿ ಒಂದ್ ರಾತ್ರಿ ಉಳಿಯೋದ್ರಿಂದ ಇಟಲಿ ನಾಲ್ಕಾಗುತ್ತೆ" ಅಂದ್ಲು. ನಿಜ. ಮೊದಲೇ ಇಳಿಯೋದ್ರಿಂದ ದೇಶವೇ ಬದಲಾಗೋಯ್ತು. ನಾವು ಮೂವರು ಇಟಲಿಗೆ ಹಾಕಿದ್ವಿ, ಜೊತೆಗೆ ಕಂಪನಿಯ ಒಪ್ಪಿಗೆ ಮೇಲ್, ರೋಮ್ ಹೋಟೆಲ್ ಬುಕಿಂಗ್, ರೋಮಿಂದ ವಾಪಸ್ ಟಿಕೆಟ್ ಬುಕಿಂಗ್ ಎಲ್ಲ ಇಟ್ವಿ, ಇಲ್ಲಾಂದ್ರೆ ಕ್ರೂಸ್ ಟಿಕೆಟಲ್ಲಿ ಬಾರ್ಸಿಲೋನಾ ಅಂತಿದೆ ಫ್ಲೈಟು ರೋಮಿಂದ ಇದೆ ಅಂತ ಅನುಮಾನ ಬರುತ್ತೆ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕ್ಬಹುದು, ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರ್ಬೇಕು. ಆ ಇನ್ಶೂರೆನ್ಸಲ್ಲಿ ನೀವೇ ಇಷ್ಟಪಟ್ಟು ಬೇಗ ಇಳಿದದ್ದಕ್ಕೆ ಒಂದ್ ರೂಪಾಯಿ ಬರಲ್ಲ, ಕಾಯಿಲೆ ಗೀಯಿಲೆ ಬಂದು ಇಳಿದ್ರೆ ಪಾಲಿಸಿ ನೋಡ್ಬೇಕು.

ದುಡ್ಡಿನ ವಿಷಯ ಚುಟುಕಾಗಿ, ಬಾಕಿ ಮೂರು ರಾತ್ರಿದು ವಾಪಸ್ ಬರಲ್ಲ, ಕೇಳಿ ಬೇಜಾರ್ ಮಾಡ್ಕೊಬೇಡಿ. ಫ್ಲೈಟ್ ಮಾತ್ರ ಎರಡು ಒನ್‌ವೇ ತಗೋಬೇಡಿ, ಹೋಗೋದು ಬಾರ್ಸಿಲೋನಾಗೆ ಬರೋದು ರೋಮಿಂದ ಅಂತ ಮಲ್ಟಿ-ಸಿಟಿ ಹಾಕಿ ನೋಡಿ, ನಮಗೆ ರಿಟರ್ನ್ ಟಿಕೆಟ್‌ಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಹಡಗು ಹತ್ತಿದ ದಿನವೇ ರಿಸೆಪ್ಶನ್‌ಗೆ ಹೋಗಿ ನಾವು ಐದನೇ ದಿನ ಇಳಿಯೋರು ಅಂದ್ರೆ ಆ ಹುಡುಗಿ ಕಂಪ್ಯೂಟರಲ್ಲಿ ಏನೂ ಇಲ್ಲ ಅಂದ್ಲು. ಪ್ರಿಂಟ್ ತೋರ್ಸಿದ್ಮೇಲೆ ಒಳಗೆ ಹೋಗಿ ಯಾರನ್ನೋ ಕೇಳ್ಕೊಂಡ್ ಬಂದು ಎಂಟ್ರಿ ಮಾಡಿದ್ಲು. ನಾಲ್ಕನೇ ದಿನ ರಾತ್ರಿ ಮತ್ತೆ ಹೋಗಿ ಲೆಕ್ಕ ಚುಕ್ತಾ ಮಾಡಿ ಪಾಸ್‌ಪೋರ್ಟ್ ಯಾವಾಗ ಕೊಡ್ತೀರಿ ಅಂತ ಕೇಳ್ಕೊಂಡ್ವಿ. ಬಿಲ್ಲನ್ನ ಸಾಲು ಸಾಲು ಓದಿ, ನಮಗೆ ಸರ್ವಿಸ್ ಚಾರ್ಜ್ ಏಳು ರಾತ್ರಿಗೂ ಹಾಕಿದ್ರು, ನಾಲ್ಕೇ ರಾತ್ರಿ ಮಲಗಿದ್ದು ಅಂದ್ಮೇಲೆ ಮೂರು ತೆಗೆದ್ರು. ಅಕ್ಕ ಭಾವನ ಖರ್ಚು ನಮ್ ಕಾರ್ಡಿಗೆ ಲಿಂಕ್ ಆಗಿತ್ತು, ಅದನ್ನ ಬೇರೆ ಮಾಡ್ಸೋದು ಮರೆತಿದ್ರೆ ನಾವು ಊರಲ್ಲಿದ್ರೂ ಭಾವನ ಕಾಫಿ ದುಡ್ಡು ನಂಗೇ ಬೀಳ್ತಿತ್ತು. ಕೊನೇ ದಿನ ಇಳಿಯೋರ ಥರ ರಾತ್ರಿ ಬಾಗಿಲ ಹೊರಗೆ ಸೂಟ್‌ಕೇಸ್ ಇಟ್ರೆ ತಗೊಂಡೋಗೋ ಸೌಲಭ್ಯ ನಮಗಿರಲಿಲ್ಲ, ನಮ್ ಲಗೇಜ್ ನಾವೇ ಎಳ್ಕೊಂಡು ಇಳಿಬೇಕು, ಹಂಗಾಗಿ ಒಬ್ಬೊಬ್ರಿಗೆ ಎಳೆಯಕ್ಕಾಗೋವಷ್ಟೇ ತಗೊಂಡ್ ಹೋಗಿ. ಊರು ನೋಡಕ್ ಹೋಗೋರ ನೂಕುನುಗ್ಗಲು ಕಮ್ಮಿ ಆಗ್ಲಿ ಅಂತ ಒಂಬತ್ತೂವರೆಗೆ ಇಳಿದ್ವಿ. ಕಾರ್ಡ್ ಸ್ಕ್ಯಾನ್ ಆದಾಗ ಬೇರೆ ಥರ ಕುಂಯ್ ಅಂತು, ಸೆಕ್ಯುರಿಟಿಯವನು ಪಟ್ಟಿ ನೋಡಿ ತಲೆ ಆಡಿಸಿ ಬಿಟ್ಟ, ಅಷ್ಟೇ, ಇದಕ್ಕೋಸ್ಕರ ನಾಲ್ಕು ತಿಂಗಳು ತಲೆ ಕೆಡಿಸ್ಕೊಂಡಿದ್ದು.

ಚಿವಿಟಾವೆಕ್ಕಿಯಾದಿಂದ ರೋಮ್ ಎಪ್ಪತ್ತೆಂಬತ್ತು ಕಿಲೋಮೀಟರ್, ಹಡಗಿನ ಪಕ್ಕದಲ್ಲೇ ರೋಮ್ ಇದೆ ಅಂದ್ಕೋಬೇಡಿ. ಬಂದರಿನ ಒಳಗೆ ಓಡಾಡೋ ಬಸ್ಸು ಲಾರ್ಗೊ ಡೆಲ್ಲಾ ಪಾಚೆ ಅನ್ನೋ ಕಡೆ ಬಿಡುತ್ತೆ, ಅಲ್ಲಿಂದ ಸ್ಟೇಷನ್‌ಗೆ ಇನ್ನೊಂದು ಬಸ್. ಲೋಕಲ್ ಟ್ರೈನಲ್ಲಿ ರೋಮಿಗೆ ಒಂದು ಗಂಟೆ ಮೇಲೆ ಸ್ವಲ್ಪ. ಪೇಪರ್ ಟಿಕೆಟ್ ತಗೊಂಡ್ರೆ ಪ್ಲಾಟ್‌ಫಾರ್ಮಲ್ಲಿರೋ ಸಣ್ಣ ಮಷೀನಿಗೆ ತೂರಿಸಿ ಮುದ್ರೆ ಹಾಕಿಸ್ಕೊಂಡೇ ಹತ್ತಬೇಕು, ಟಿಕೆಟ್ ಇದ್ರೂ ಮುದ್ರೆ ಇಲ್ಲಾಂದ್ರೆ ದಂಡ. ನೇರ ಏರ್‌ಪೋರ್ಟಿಗೆ ಹೋಗೋರು ರೋಮಿನ ದೊಡ್ಡ ಸ್ಟೇಷನ್ ಟರ್ಮಿನಿ ತನಕ ಹೋಗಿ ವಾಪಸ್ ಬರೋ ಕೆಲಸ ಇಲ್ಲ, ಟ್ರಾಸ್ತೆವೆರೆ ಸ್ಟೇಷನಲ್ಲೇ ಇಳಿದು ಫ್ಯುಮಿಚಿನೊ ಏರ್‌ಪೋರ್ಟ್ ಟ್ರೈನ್ ಹಿಡಿರಿ, ಟರ್ಮಿನಿಯಿಂದ ಹೋಗೋ ಎಕ್ಸ್‌ಪ್ರೆಸ್ಸಿಗಿಂತ ಅಗ್ಗ.

ಆದ್ರೆ ಇಳಿದ ದಿನವೇ ಫ್ಲೈಟ್ ಇಟ್ಕೊಬೇಡಿ, ಇದೊಂದು ಮಾತು ಕೇಳಿ. ಗಾಳಿ ಜೋರಿದ್ರೆ ಕ್ಯಾಪ್ಟನ್ ಬಂದರನ್ನೇ ಬಿಟ್ಟು ಮುಂದೆ ಹೋಗ್ಬಹುದು, ಬೇರೆ ಬಂದರಿಗೆ ತಿರುಗಿಸ್ಬಹುದು, ಆ ಹಕ್ಕು ಅವರಿಗಿದೆ, ನಿಮ್ ಫ್ಲೈಟ್ ತಪ್ಪಿದ್ರೆ ಅವರು ಹೊಣೆ ಅಲ್ಲ. ನಾಲ್ಕನೇ ದಿನ ರಾತ್ರಿ ಹಡಗು ಸ್ವಲ್ಪ ತೂಗಿದಾಗ ಅಮ್ಮ ದೇವರ ನಾಮ ಹೇಳ್ತಿದ್ರು, ನಾನು ಮೊಬೈಲಲ್ಲಿ ಗಾಳಿ ಎಷ್ಟಿದೆ ಅಂತ ನೋಡ್ತಿದ್ದೆ, ಇಬ್ರದ್ದೂ ಒಂದೇ ಪ್ರಾರ್ಥನೆ. ನಾವು ರೋಮಲ್ಲಿ ಒಂದ್ ರಾತ್ರಿ ಉಳಿದ್ವಿ, ಮಾರನೇ ದಿನ ಮಧ್ಯಾಹ್ನ ಫ್ಲೈಟು. ಅವತ್ತು ನರಕ ಚತುರ್ದಶಿ. ಬೆಳಗಿನ ಜಾವ ಐದಕ್ಕೆ ಅಮ್ಮ ನಮ್ಮಿಬ್ಬರನ್ನೂ ಎಬ್ಬಿಸಿ, ಊರಿಂದ ಶಾಂಪೂ ಬಾಟ್ಲಿಲಿ ತುಂಬ್ಕೊಂಡ್ ಬಂದಿದ್ದ ಎಣ್ಣೆ ತಲೆಗೆ ತಟ್ಟಿ ಸ್ನಾನಕ್ಕೆ ಕಳ್ಸಿದ್ರು. ಹೋಟೆಲ್ ಟವೆಲ್ ಗತಿ ಏನಾಯ್ತು ಅಂತ ಬರೆಯಲ್ಲ.

ದುಬೈ ಮೇಲೆ ಬಂದು ಬೆಂಗಳೂರಲ್ಲಿ ಬೆಳಗ್ಗೆ ಇಳಿದ್ವಿ, ನೆಲಮಂಗಲ, ಕುಣಿಗಲ್ ಬೈಪಾಸ್, ಯಡಿಯೂರಲ್ಲಿ ತಿಂಡಿ, ಚನ್ನರಾಯಪಟ್ಟಣ, ಮಧ್ಯಾಹ್ನಕ್ಕೆ ಹಾಸನ. ಅಮ್ಮ ಬಟ್ಟೆ ಬದಲಾಯಿಸಿದ್ದೇ ತಡ ಕ್ಯೂಗೆ ಹೊರಟ್ರು, 300 ರೂಪಾಯಿ ಟಿಕೆಟಿಂದು ಇದೆ, 1000ದ್ದೂ ಇದೆ ಅಂದ್ರೆ "ಧರ್ಮದರ್ಶನಕ್ಕೇ ನಿಲ್ಲೋದು, ಹಡಗಿಗೆ ಸುರಿದದ್ದು ಸಾಕು" ಅಂದ್ರು. ಸಂಜೆ ಹೊತ್ತಿಗೆ ನಾವಿನ್ನೂ ಬ್ಯಾರಿಕೇಡ್ ಮಧ್ಯೆನೇ ಇದ್ವಿ, ಭಾವ ಪಾಲ್ಮಾದಿಂದ ಫೋಟೋ ಕಳ್ಸಿದ್ರು, ಅಕ್ಕ ಟೋಪಿ ಹಾಕ್ಕೊಂಡು ನೀಲಿ ನೀರಿನ ಮುಂದೆ ನಿಂತಿದ್ಲು. ಅಮ್ಮನಿಗೆ ತೋರ್ಸ್ದೆ. ಫೋನ್ ದೂರ ಹಿಡ್ಕೊಂಡು ನೋಡಿ, "ಚೆನ್ನಾಗೈತೆ, ನಮ್ ಗೊರೂರ್ ಡ್ಯಾಮ್ ತುಂಬ್ದಾಗ್ಲೂ ಹಿಂಗೇ ಕಾಣ್ತದೆ, ಮುಂದಕ್ ನಡಿ, ಕ್ಯೂ ಬಿಟ್ರು" ಅಂದ್ರು.