274 ಕಿಲೋಮೀಟರ್ ಹಾರಲು ಒಂದು ಗಂಟೆ ಯಾಕೆ ಬೇಕು?

ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ವಿಮಾನದ ವೇಗದಿಂದ ಭಾಗಿಸಿ ಪ್ರಯಾಣದ ಸಮಯ ಹೇಳುವವರೇ ಹೆಚ್ಚು. ದೂರ ಕಡಿಮೆಯಾದಷ್ಟೂ ಈ ಲೆಕ್ಕ ಹೆಚ್ಚು ತಪ್ಪುತ್ತದೆ.

ದೂರ ತಿಳಿಯಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಸಾಕು. ಅಕ್ಷಾಂಶದ 1 ಡಿಗ್ರಿಗೆ 60 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.; ಮುಂದೆ ಬರುವ ಮೈಲಿಯೆಲ್ಲ ಇದೇ). ರೇಖಾಂಶದ ಡಿಗ್ರಿ ಧ್ರುವಗಳ ಕಡೆ ಕಿರಿದಾಗುತ್ತಾ ಹೋಗುವುದರಿಂದ ಅದನ್ನು ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಅಕ್ಷಾಂಶದ ವ್ಯತ್ಯಾಸ 2 ಡಿಗ್ರಿ, ರೇಖಾಂಶದ್ದು 1.5, ಸರಾಸರಿ ಅಕ್ಷಾಂಶ 15 ಎಂದುಕೊಳ್ಳಿ. ಒಂದು ಬದಿ 120 ಮೈಲಿ, ಇನ್ನೊಂದು 90 × 0.966, ಅಂದರೆ 87. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 148 ನಾಟಿಕಲ್ ಮೈಲಿ. 1.852ರಿಂದ ಗುಣಿಸಿ, 274 ಕಿ.ಮೀ. ಕೆಲವು ನೂರು ಕಿ.ಮೀ.ವರೆಗೆ ಇಷ್ಟು ನಿಖರತೆ ಧಾರಾಳ. ಸಾವಿರಾರು ಕಿ.ಮೀ. ದೂರಕ್ಕೆ ಭೂಮಿಯ ತ್ರಿಜ್ಯ 6371 ಕಿ.ಮೀ. ಹಿಡಿದು ಗೋಳದ ಮೇಲಿನ ದೂರ ಲೆಕ್ಕ ಹಾಕುವ ಹ್ಯಾವರ್ಸೈನ್ ಸೂತ್ರವನ್ನೇ ಬಳಸಿ.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. ಒಂದು ಡಿಗ್ರಿಗೆ 60 ಮಿನಿಟ್, ಹಾಗಾಗಿ 12 ಡಿಗ್ರಿ 30 ಮಿನಿಟ್ ಎಂದರೆ 12.5 ಡಿಗ್ರಿ; ಅದನ್ನು 12.30 ಎಂದು ಒತ್ತಿದರೆ 22 ಕಿ.ಮೀ. ವ್ಯತ್ಯಾಸ!

ಇನ್ನು ಸಮಯ. ಇಂಥ ಮಾರ್ಗಗಳಲ್ಲಿ ಸಾಮಾನ್ಯವಾಗಿ ಕಾಣುವ ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನದ ವೇಗ ಸುಮಾರು 270 ನಾಟ್, ಅಂದರೆ ಗಂಟೆಗೆ 270 ನಾಟಿಕಲ್ ಮೈಲಿ. ಭಾಗಿಸಿದರೆ 33 ನಿಮಿಷ. ಆದರೆ ವಿಮಾನ ನೇರ ಗೆರೆಯಲ್ಲಿ ಹೋಗುವುದಿಲ್ಲ. ನಿಗದಿತ ಮಾರ್ಗ, ತಿರುವುಗಳೆಲ್ಲ ಸೇರಿ 160 ಮೈಲಿ ಅನ್ನಿ. 16,000 ಅಡಿಗೆ ಏರಲು ಸುಮಾರು 14 ನಿಮಿಷ. ಆಗ ವೇಗ ಕಡಿಮೆ, ಸಾಗಿದ ದೂರ 45 ಮೈಲಿಯ ಆಸುಪಾಸು. ಇಳಿಯುವಾಗ ಪ್ರತಿ 1000 ಅಡಿಗೆ 3 ಮೈಲಿ ಎಂಬುದು ಪೈಲಟ್‌ಗಳ ಲೆಕ್ಕ, ಹಾಗಾಗಿ 48 ಮೈಲಿ, 12 ನಿಮಿಷ. ಪೂರ್ತಿ ವೇಗದಲ್ಲಿ ಹಾರಲು ಉಳಿಯುವುದು 67 ಮೈಲಿ, ಬರೀ 15 ನಿಮಿಷ! ಲ್ಯಾಂಡಿಂಗ್‌ಗೆ ರನ್‌ವೇ ನೇರಕ್ಕೆ ಬರಲು ಇನ್ನೊಂದು 4. ಗಾಳಿಯಲ್ಲೇ 45 ನಿಮಿಷವಾಯಿತು.

ಟೇಕಾಫ್ ಗಾಳಿಗೆ ಎದುರಾಗಿ ಆಗಬೇಕು. ಆ ದಿಕ್ಕು ನೀವು ಹೋಗುವ ಊರಿಗೆ ಬೆನ್ನು ಹಾಕಿದ್ದರೆ ಸುತ್ತಿ ಬರಲು ಇನ್ನೂ ಕೆಲವು ನಿಮಿಷ.

ಟಿಕೆಟ್‌ನಲ್ಲಿರುವುದು ಹಾರಾಟದ ಸಮಯವಲ್ಲ, ಬ್ಲಾಕ್ ಟೈಮ್. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ತಲುಪುವ ನಿಲ್ದಾಣದಲ್ಲಿ ಹೋಗಿ ನಿಲ್ಲುವವರೆಗೆ. ಟ್ಯಾಕ್ಸಿಗೆ, ಅಂದರೆ ವಿಮಾನ ನೆಲದ ಮೇಲೆ ಸಾಗಲು, ಹೊರಡುವಾಗ 10, ಇಳಿದ ಮೇಲೆ 5 ನಿಮಿಷ ಸೇರಿದರೆ ಅಲ್ಲಿಗೆ ಒಂದು ಗಂಟೆ.

ಜೆಟ್ ಆದರೆ ಅರ್ಧ ಹೊತ್ತಿಗೆ ತಲುಪಬಹುದೆಂಬ ಆಸೆ ಬೇಡ. ಹಲವು ಕಡೆ 10,000 ಅಡಿಯ ಕೆಳಗೆ ಅದಕ್ಕೂ 250 ನಾಟ್‌ನ ಮಿತಿ. ಟ್ಯಾಕ್ಸಿಯ ಹೊತ್ತೂ ಅಷ್ಟೇ. ಇಷ್ಟು ಸಣ್ಣ ದೂರದಲ್ಲಿ ಉಳಿತಾಯವಾಗುವುದು ಕೆಲವೇ ನಿಮಿಷ.

ಊರುಗಳು ಬೇರೆ ಕಾಲವಲಯದಲ್ಲಿದ್ದರೆ, ಹೊರಡುವ, ತಲುಪುವ ಎರಡೂ ಸಮಯವನ್ನು ಒಂದೇ ವಲಯಕ್ಕೆ ತಂದುಕೊಂಡು ಆಮೇಲೆ ಕಳೆಯಿರಿ.