ಸಂಪಿನ ಪಂಪು ಕೆಮ್ಮಿದ ವಾರ

ಭಾನುವಾರ
ಮೈಸೂರಿನ ನಮ್ಮ ಮನೆಯಲ್ಲಿರುವುದು ಅರ್ಧ ಎಚ್‌ಪಿಯ ಸೆಲ್ಫ್ ಪ್ರೈಮಿಂಗ್ ಪಂಪು. 6 ಅಡಿ ಆಳದ ಸಂಪಿನಿಂದ ತಾರಸಿಯ 1000 ಲೀಟರ್ ಟ್ಯಾಂಕಿಗೆ ದಿನಕ್ಕೊಮ್ಮೆ ನೀರು ಏರಿಸುತ್ತದೆ. ಅರ್ಧ ಗಂಟೆಗೆ ತುಂಬುತ್ತಿದ್ದ ಟ್ಯಾಂಕು ಇವತ್ತು ಮುಕ್ಕಾಲು ಗಂಟೆ ತಿಂದಿತು. ಮಗನನ್ನು ಬಕೆಟ್ಟು, ಮೊಬೈಲ್ ಕೊಟ್ಟು ತಾರಸಿಗೆ ಓಡಿಸಿದ್ದೆ. ಶುರುವಿನಲ್ಲಿ 20 ಲೀಟರ್ ಬಕೆಟ್ಟು 36 ಸೆಕೆಂಡಿಗೆ ತುಂಬಿದೆ. ಇಪ್ಪತ್ತು ನಿಮಿಷ ಕಳೆದ ಮೇಲೆ 70 ಸೆಕೆಂಡು. ನೀರಿನ ಜೊತೆ ಗಾಳಿಯೂ ಬರುತ್ತಿದೆ, ಯಾರೋ ಕೆಮ್ಮಿದ ಹಾಗೆ.

ಮೋಟಾರು ಬಿಸಿಯಾಗಿ ಸೋಲುತ್ತಿದೆ ಅಂದುಕೊಂಡೆ. ಆದರೆ ಓಡುವಾಗ ವೋಲ್ಟೇಜ್ 225 ಇತ್ತು. ಮೋಟಾರು ತಿರುಗಲು ನೆರವಾಗುವ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಬಿಚ್ಚಿ ಅಳೆದರೆ 9.8. ಅದೂ ಸರಿ.

ಸೋಮವಾರ
ಅಂಗಡಿಯವರು ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸವೆದಿದೆ, ಹೊಸ ಪಂಪೇ ಹಾಕಿ ಅಂದರು. ಸವೆದಿದ್ದರೆ ಮೊದಲ ನಿಮಿಷದಿಂದಲೇ ನೀರು ಸಣ್ಣಗೆ ಬರಬೇಕು, ಅಲ್ವಾ? ಫುಟ್ ವಾಲ್ವ್ ಮಾತ್ರ ತಂದು ಹಾಕಿದೆ, ಅಂದರೆ ಸಂಪಿನೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವು. ಹಳೆಯದರ ಜಾಲರಿಯಲ್ಲಿ ಒಂದಿಷ್ಟು ಕೆಸರಿತ್ತು. ಸಂಜೆ 30 ನಿಮಿಷಕ್ಕೆ ಟ್ಯಾಂಕು ಫುಲ್. ಗೆದ್ದೆ ಅಂತ ಕಾಫಿ ಕುಡಿದೆ.

ಮಂಗಳವಾರ
ಮತ್ತೆ ಅದೇ ಕೆಮ್ಮು.

ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ, ಇಷ್ಟು ಖಚಿತ. ಪಂಪಿನಿಂದ ಟ್ಯಾಂಕಿಗೆ ಹೋಗುವ ಡೆಲಿವರಿ ಪೈಪು ಸೋರಿದರೆ ನೀರು ಹೊರಗೆ ಕಾಣುತ್ತದೆ. ಸಂಪಿನಿಂದ ಪಂಪಿಗೆ ನೀರು ಎಳೆಯುವ ಸಕ್ಷನ್ ಪೈಪಿನದು ಉಲ್ಟಾ. ಪಂಪು ಓಡುವಾಗ ಅದರೊಳಗೆ ಒತ್ತಡ ಹೊರಗಿಗಿಂತ ಕಡಿಮೆ. ತೂತಿದ್ದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿರುತ್ತದೆ, ನಾವು ಸುಮ್ನೆ ಮೋಟಾರನ್ನು ಬೈಯುತ್ತಿರುತ್ತೇವೆ. ಪೈಪನ್ನು ಪಂಪಿಗೆ ಸೇರಿಸುವ, ಬಿಚ್ಚಬಹುದಾದ ಜಾಯಿಂಟು ಯೂನಿಯನ್; ಅದಕ್ಕೆ ಹೊಸ ಟೆಫ್ಲಾನ್ ಟೇಪು ಸುತ್ತಿದೆ. ಪಂಪಿಗೆ ಮೊದಲು ನೀರು ತುಂಬುವ ಪ್ರೈಮಿಂಗ್ ಮುಚ್ಚಳದ ವಾಷರ್ ಬದಲಿಸಿದೆ. ಪಂಪು ಓಡುವಾಗ ಮೇಲಿನ ಜಾಯಿಂಟುಗಳಿಗೆಲ್ಲ, ತೂತಿದ್ದರೆ ಗಾಳಿ ತಡೆಯಲಿ ಅಂತ, ಒದ್ದೆ ಬಟ್ಟೆ ಸುತ್ತಿ ನೋಡಿದೆ. ಕೆಮ್ಮು ನಿಲ್ಲಲಿಲ್ಲ.

ಬುಧವಾರ
ಇವತ್ತು ಏನೂ ಮಾಡಲಿಲ್ಲ. ಪಂಪು ಚೆನ್ನಾಗಿ ಓಡಿತು! ದಿನಾ ಸ್ವಿಚ್ಚು ಹಾಕುವವಳು ಹೆಂಡತಿ. "ನೀರು ಬಿಟ್ಟ ದಿನ ಸರಿಯಾಗೇ ಇರುತ್ತಲ್ಲ ಅದು" ಅಂದಳು, ಪಲ್ಯಕ್ಕೆ ಒಗ್ಗರಣೆ ಹಾಕುತ್ತಾ.

ನಮ್ಮ ಬೀದಿಗೆ ನೀರು ಬಿಡುವುದು ದಿನ ಬಿಟ್ಟು ದಿನ. ಸೋಮವಾರ ಬಂದಿತ್ತು, ಇವತ್ತೂ ಬಂತು. ನಾನು ಮೂರು ದಿನದಿಂದ ಗಡಿಯಾರ ನೋಡುತ್ತಿದ್ದೆ. ನೋಡಬೇಕಾಗಿದ್ದು ಸಂಪಿನೊಳಗೆ.

ಗುರುವಾರ
ಬಿದಿರು ಕೋಲಿಗೆ ಅರ್ಧರ್ಧ ಅಡಿಗೆ ಗುರುತು ಹಾಕಿ ಸಂಪಿಗೆ ಇಳಿಬಿಟ್ಟು ಪಂಪು ಹಾಕಿದೆ. ನೀರು 4 ಅಡಿ, 3 ಅಡಿ, ಏನೂ ತೊಂದರೆಯಿಲ್ಲ. ಎರಡೂವರೆ ಅಡಿಗೆ ಇಳಿಯಿತೋ ಇಲ್ಲವೋ, ಗುಳುಗುಳು ಶುರು.

ಫುಟ್ ವಾಲ್ವ್ ನೆಲದಿಂದ ಅರ್ಧ ಅಡಿ ಮೇಲಿದೆ. ಅಂದರೆ ತೂತು ವಾಲ್ವಿನಿಂದ 2 ಅಡಿ ಮೇಲೆ ಇರಬೇಕು. ಎಂಸಿಬಿ ಇಳಿಸಿ, ಯೂನಿಯನ್ ಬಿಚ್ಚಿ ಪೈಪನ್ನು ಎತ್ತಿದೆ. ಸರಿಯಾಗಿ ಅಲ್ಲೇ ಒಂದು ಕಪ್ಲರ್! ಹಿಂದೆ ಯಾರೋ ಎರಡು ತುಂಡು ಸೇರಿಸಿದ್ದಾರೆ. ಕಣ್ಣಿಗೆ ಏನೂ ಕಾಣಲಿಲ್ಲ. ಮೇಲಿನಿಂದ ನೀರು ತುಂಬಿಸಿದಾಗ ಕಪ್ಲರಿನ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕಿನಿಂದ ಹನಿ ಮೂಡಿತು. ಸಂಪು ತುಂಬಿದ್ದಾಗ ಈ ಬಿರುಕು ನೀರಿನೊಳಗೆ. ಎಳೆದರೂ ನೀರನ್ನೇ ಎಳೆಯುತ್ತದೆ, ನಷ್ಟವಿಲ್ಲ. ನೀರು ಅದರ ಕೆಳಗಿಳಿದ ಮೇಲೆ ಗಾಳಿ ಎಳೆಯುತ್ತದೆ. ಸೋಮವಾರ ಇದೇ ಪೈಪನ್ನು ಕೈಯಲ್ಲಿ ಹಿಡಿದಿದ್ದೆ, ತುದಿ ಬಿಟ್ಟು ಮೇಲೆ ನೋಡಿರಲಿಲ್ಲ.

ಆ ಭಾಗ ಕತ್ತರಿಸಿ, ಹೊಸ ತುಂಡು, ಎರಡು ಕಪ್ಲರ್, ಸಾಲ್ವೆಂಟ್ ಹಾಕಿ ರಾತ್ರಿಯಿಡೀ ಒಣಗಲು ಬಿಟ್ಟೆ.

ಶುಕ್ರವಾರ
ನೀರು ಬಂತು, ಟ್ಯಾಂಕು 30 ನಿಮಿಷಕ್ಕೆ ತುಂಬಿತು. ಸಂಪು ತುಂಬಿರುವಾಗ ಇದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಈ ಸಲ ಕಾಫಿ ಇಲ್ಲ.

ಶನಿವಾರ
ಕೋಲಿನಲ್ಲಿ ಎರಡೂವರೆ ಅಡಿ ದಾಟಿತು. ಎರಡು ದಾಟಿತು. "ಅಪ್ಪಾ, 37 ಸೆಕೆಂಡು!" ಅಂತ ತಾರಸಿಯಿಂದ ಕೂಗು. ಗಾಳಿ ಇಲ್ಲ.

ಹಳೆಯ ಫುಟ್ ವಾಲ್ವನ್ನು ತೊಳೆದು, ಒಂದು ತುಂಡು ಪೈಪಿಗೆ ಹಾಕಿ, ನೀರು ತುಂಬಿಸಿ ನಿಲ್ಲಿಸಿದ್ದೇನೆ. ಸಂಜೆಯವರೆಗೂ ಒಂದು ಹನಿ ಸೋರಿಲ್ಲ.